ಸೂಜಿ ಕುರಿಗಳು

ಶಾಲನ ಎಂಬುವಳು ಕುರುಬರ ಮನೆಯಲ್ಲಿ ಹುಟ್ಟಿ ರಸಾಯನಶಾಸ್ತ್ರ ಓದಿದವಳು. ಇದನ್ನು ಕೇಳಿದವರು ಮೊದಲು ಹುಬ್ಬೇರಿಸುತ್ತಿದ್ದರು, ಆಮೇಲೆ ಹೊಗಳುತ್ತಿದ್ದರು, ಹೊಗಳಿ ಮುಗಿದ ಮೇಲೆ ಕುರಿಗಳ ಬಗ್ಗೆ ಒಂದು ತಮಾಷೆ ಮಾಡುತ್ತಿದ್ದರು. ಕೊಲ್ಲಾಪುರದ ಕಾಲೇಜಿಗೆ ಬಂದಾಗಿನಿಂದ ಈ ಮೂರನ್ನೂ ಇದೇ ಸರದಿಯಲ್ಲಿ ಅನುಭವಿಸಿದ ಅವಳು, ತಮಾಷೆಗೆ ತಾನೇ ಎಲ್ಲರಿಗಿಂತ ಮೊದಲು ನಕ್ಕುಬಿಡುವುದನ್ನು ಕಲಿತಿದ್ದಳು. ಒಳಗೆ ಮಾತ್ರ ಹಟದ ಹೆಣ್ಣು. ಆ ಹಟವೆಲ್ಲ ಒಂದೇ ಪ್ರಶ್ನೆಯ ಮೇಲೆ ಕೂತಿತ್ತು: ತಾನು ಕಟ್ಟಿದ ಕುಣಿಕೆ ಕುರಿಯ ರಕ್ತದಲ್ಲಿ ಕೆಲಸ ಮಾಡುತ್ತದೋ ಇಲ್ಲವೋ.

ಇದು ಕಣ್ಣಿಗೆ ಕಾಣುವ ಕುಣಿಕೆಯಲ್ಲ. ಕುರಿ ದನಗಳಿಗೆ ಬರುವ ಕಾಲುಬಾಯಿ ಬೇನೆ ನಿಮಗೆ ಗೊತ್ತಿರಬಹುದು. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ಒಂದೇ ಸಮ ಸುರಿಯುವ ಜೊಲ್ಲು. ಗಡಹಿಂಗ್ಲಜ ಸೀಮೆಯಲ್ಲಿ ಮರಾಠಿಯವರೂ ಕನ್ನಡದವರೂ ಅದನ್ನು ಲಾಳ್ಯಾ ಅನ್ನುತ್ತಾರೆ. ದೊಡ್ಡ ಕುರಿ ಹದಿನೈದು ದಿನ ಕುಂಟಿ ಎದ್ದುಬಿಡುತ್ತದೆ. ಎಳೆಯ ಮರಿ ಏಳುವುದಿಲ್ಲ, ಬೇನೆ ಅದರ ಎದೆಗೇ ಇಳಿಯುತ್ತದೆ. ಲಸಿಕೆ ಇರಲಿಲ್ಲವೆಂದಲ್ಲ. ಆದರೆ ಅದನ್ನು ಮಾಡುವುದಕ್ಕೆ ವೈರಸ್ಸನ್ನೇ ಬೆಳೆಸಿ ಕೊಲ್ಲಬೇಕು, ಮಾಡಿದ್ದನ್ನು ತಣ್ಣಗಿಟ್ಟು ಸಾಗಿಸಬೇಕು. ಸಿರಿವಂತರ ದನಗಳಿಗೆಲ್ಲ ಹಾಕಿ ಮಿಕ್ಕಿದ್ದು ಅವಳ ಊರಾದ ಮಹಾಗಾಂವದ ಕುರಿಹಟ್ಟಿಗೆ ಬರುವಷ್ಟರಲ್ಲಿ ಬಿಸಿಲಿಗೆ ಕೆಟ್ಟು ನೀರಾಗಿರುತ್ತಿತ್ತು. ಹೆಚ್ಚಾಗಿ ಅದು ಬರುತ್ತಲೇ ಇರಲಿಲ್ಲ ಅನ್ನಿ.

ಶಾಲನಳ ಯೋಚನೆ ಬೇರೆ. ಆ ವೈರಸ್ಸಿನ ಚಿಪ್ಪಿನ ಮೇಲೆ ಹೊರಗೆ ಚಾಚಿದ ಒಂದು ಪುಟ್ಟ ಬಾಗು ಇದೆ. ಮೈಯಲ್ಲಿ ಹುಟ್ಟುವ ಪ್ರತಿಕಾಯ ಅದನ್ನು ಗಟ್ಟಿಯಾಗಿ ಹಿಡಿದರೆ ವೈರಸ್ಸು ಜೀವಕೋಶದ ಒಳಗೆ ಹೋಗಲಾರದು, ಇದ್ದೂ ಇಲ್ಲದಂತಾಗುತ್ತದೆ. ಹಾಗಾದರೆ ಇಡೀ ವೈರಸ್ಸು ಏಕೆ? ಆ ಬಾಗಿನಷ್ಟನ್ನು ಮಾತ್ರ ಗಾಜಿನ ಪಾತ್ರೆಯಲ್ಲಿ ಅಮೈನೋ ಆಮ್ಲ ಒಂದೊಂದಾಗಿ ಪೋಣಿಸಿ ಕಟ್ಟಿದರೆ ಸಾಲದೆ? ಇಂಥ ಚಿಕ್ಕ ಸರಕ್ಕೆ ಪೆಪ್ಟೈಡ್ ಎನ್ನುತ್ತಾರೆ. ಅದನ್ನು ಪುಡಿ ಮಾಡಿ ಜೇಬಿನಲ್ಲಿಟ್ಟುಕೊಂಡು ಹಟ್ಟಿಯವರೆಗೆ ನಡೆದು ಹೋಗಬಹುದು. ಬೇನೆಯನ್ನು ಕೊಡದೆ ಬೇನೆಯ ಮುಖವನ್ನಷ್ಟೇ ಮೈಗೆ ತೋರಿಸಿ ಬಂದ ಹಾಗೆ.

ಮೊದಲು ಕಟ್ಟಿದ ನೆಟ್ಟಗಿನ ಸರ ಮೊಲಗಳಲ್ಲಿ ಸೋತಿತು. ಪ್ರತಿಕಾಯ ಬೇಕಾದಷ್ಟು ಹುಟ್ಟಿತು, ಆದರೆ ಅದು ಗುರುತು ಹಿಡಿದದ್ದು ಪೆಪ್ಟೈಡನ್ನು. ವೈರಸ್ಸು ಎದುರಿಗೆ ಬಂದಾಗ ಅದಕ್ಕೆ ಪರಿಚಯವೇ ಇಲ್ಲ. ಶಾಲನ ಒಂದು ಮಳೆಗಾಲವಿಡೀ ತಲೆ ಕೆಡಿಸಿಕೊಂಡಳು. ವೈರಸ್ಸಿನ ಮೇಲೆ ಆ ಬಾಗು ಒಂದೇ ಆಕಾರದಲ್ಲಿ ಬಿಗಿದು ಕೂತಿರುತ್ತದೆ, ತನ್ನ ಸರವಾದರೋ ನೀರಿನಲ್ಲಿ ಸಡಿಲ ದಾರದ ಹಾಗೆ ಹೊರಳಾಡುತ್ತದೆ, ತಪ್ಪು ಅಲ್ಲಿದೆ ಎಂದು ಅವಳಿಗೆ ಹೊಳೆಯಿತು. ಸರದ ಎರಡು ಕಡೆ ಗಂಧಕವಿರುವ ಒಂದೊಂದು ಆಮ್ಲ ಕೂಡಿಸಿ, ಗಂಧಕಕ್ಕೆ ಗಂಧಕ ಗಂಟು ಹಾಕಿದಳು. ಸರ ಕುಣಿಕೆಯಾಯಿತು. ಗಂಟು ಒಂದು ಮಣಿ ಈಚೆ ಬಿದ್ದರೆ ತೀರ ಬಿಗಿ, ಒಂದು ಮಣಿ ಆಚೆ ಬಿದ್ದರೆ ತೀರ ಸಡಿಲ. ಮಾಡಿ ಕೆಡಿಸಿ, ಕೆಡಿಸಿ ಮಾಡಿ, ಕೊನೆಗೊಂದು ಕುಣಿಕೆ ಮೊಲದ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯವನ್ನು ಹುಟ್ಟಿಸಿತು. ಭಾರಿ ಪ್ರಮಾಣವಲ್ಲ, ಆಸೆ ಹುಟ್ಟುವಷ್ಟು.

ಸರ ಪೋಣಿಸುವಾಗ ಗಾಜಿನ ಪಾತ್ರೆಯನ್ನು ಗಂಟೆಗಟ್ಟಲೆ ತೊಟ್ಟಿಲಿನಂತೆ ತೂಗುತ್ತಿರಬೇಕು; ಅದಕ್ಕೆ ಯಂತ್ರ ಪರದೇಶದಲ್ಲಿ ಸಿಗುತ್ತಿತ್ತು. ಇವಳ ಯಂತ್ರ ಇಚಲಕರಂಜಿ ಪಕ್ಕದ ಯಡ್ರಾವದಲ್ಲಿ ಹುಟ್ಟಿದ್ದು. ಶಾಲನ ಸಾಲೆ ಕಲಿತದ್ದು ಇಚಲಕರಂಜಿಯಲ್ಲಿ, ಮಗ್ಗದ ಕಾರ್ಖಾನೆಯಲ್ಲಿ ನೂಲಿನ ಕಾಂಡಿ ಸುತ್ತುತ್ತಿದ್ದ ಸೋದರತ್ತೆ ನಾಗೂಬಾಯಿಯ ಮನೆಯಲ್ಲಿದ್ದು. ಅತ್ತೆಯ ಪರಿಚಯದ ಧೋಂಡಿಬಾ ಎಂಬ ಮಿಸ್ತ್ರಿ ಮೂಲೆಗೆ ಬಿದ್ದಿದ್ದ ಮಗ್ಗದ ಮೋಟಾರಿಗೆ ಒಂದು ತೊಟ್ಟಿಲು ಕಟ್ಟಿಕೊಟ್ಟ. ಅದು ತೂಗುವಾಗ ಪ್ರಯೋಗಾಲಯವೆಲ್ಲ ಖಟಕ್ ಖಟಕ್ ಎಂದು ಇಚಲಕರಂಜಿಯ ಗಲ್ಲಿಯಂತಾಗುತ್ತಿತ್ತು. ಪಕ್ಕದ ಕೋಣೆಯವರು ಮೂಗು ಮುರಿದರು. ಶಾಲನಳಿಗೆ ಆ ಸದ್ದಿಲ್ಲದೆ ಓದಿ ಅಭ್ಯಾಸವೇ ಇರಲಿಲ್ಲ.

ಅವಳ ಮಾರ್ಗದರ್ಶಕರು ಡಾಕ್ಟರ್ ಜಿನಗೊಂಡ ಪಾಟೀಲರು, ದಾನೋಳಿಯ ಜೈನ ರೈತರ ಮನೆಯವರು. ಮೃದು ಮಾತು, ಮೃದು ಹೆಜ್ಜೆ. ಮೊಲದ ಕಿವಿಯಿಂದ ರಕ್ತ ತೆಗೆಯುವ ಹೊತ್ತಿಗೆ ಸರಿಯಾಗಿ ಅವರಿಗೆ ಹೊರಗೆ ಏನಾದರೊಂದು ಕೆಲಸ ಬರುತ್ತಿತ್ತು. ಮೊಲದ ಫಲಿತಾಂಶ ನೋಡಿ ಅವರು ಖುಷಿಪಟ್ಟರು, ಹಿಂದೆಯೇ ನಿಟ್ಟುಸಿರಿಟ್ಟರು.

"ರೊಕ್ಕಾ ಕೊಡೂ ದಿಲ್ಲಿಯವ್ರಿಗೆ ಮೊಲಾ ಸಾಕಾಗೂದಿಲ್ಲ ಶಾಲನ. ಬ್ಯಾನಿ ಬರೋ ಪ್ರಾಣ್ಯಾಗ ಮಾಡಿ ತೋರಸ್ರಿ ಅಂದಾರ. ಮಾರ್ಚಿಗೆ ನಮ್ಮ ಯೋಜನಾ ಮುಗೀತೈತಿ. ತೋರಿಸಿದ್ರ ಮುಂದ ನಡೀತೈತಿ, ಇಲ್ಲಾಂದ್ರ ಬಾಗಲಾ ಹಾಕೂದ. ಕುರಿ ಎಲ್ಲಿಂದ ತರೂಣು?"

"ಕುರಿ ಚಿಂತಿ ಬಿಡ್ರಿ ಸರ್," ಎಂದಳು ಶಾಲನ. ಕಾಲೇಜಿನಲ್ಲಿ ಕುರಿಯ ಮಾತಿಗೆ ಅವಳು ನಿಜವಾಗಿ ನಕ್ಕದ್ದು ಅದೇ ಮೊದಲು.

ಕುರಿ ಇದ್ದದ್ದು ಅವಳ ಅಣ್ಣ ಕಾಡಸಿದ್ದನಲ್ಲಿ. ಅಪ್ಪ ಸತ್ತ ಮೇಲೆ ಶಾಲನಳಿಗೆ ಅಪ್ಪನೂ ಅವನೇ. ಅವಳ ಓದಿಗಾಗಿ ವರ್ಷಕ್ಕೊಂದು ಟಗರು ಗಡಹಿಂಗ್ಲಜ ಬಜಾರಕ್ಕೆ ಹೋಗಿತ್ತು; ಅದನ್ನು ಅವನು ಒಮ್ಮೆಯೂ ಆಡಿ ತೋರಿಸಿದವನಲ್ಲ. ಎಂಬತ್ಮೂರರ ದೀಪಾವಳಿ ಮುಗಿದ ವಾರ ಶಾಲನ ಎಸ್.ಟಿ. ಹಿಡಿದು ಮಹಾಗಾಂವಕ್ಕೆ ಬಂದಾಗ, ಅವನು ಕೊಯ್ಲಾದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದ. ಅವಳು ಕೇಳಿದ್ದಕ್ಕೆಲ್ಲ ಹೂಂ ಎಂದ. ಒಂದಕ್ಕೆ ಮಾತ್ರ ತಡೆದ.

"ಅರ್ಧಾ ಕುರಿಗಿ ಸೂಜಿ, ಅರ್ಧಾ ಕುರಿಗಿ ಬರೇ ನೀರ ಏನು?"

"ನೀರಲ್ಲೋ ಅಣ್ಣಾ. ಎಣ್ಣಿ ಗಿಣ್ಣಿ ಎಲ್ಲಾ ಇರ್ತೈತಿ, ನನ್ನ ಔಷಧಾ ಒಂದ ಇರೂದಿಲ್ಲ."

"ಅಂದ್ರ ನೀರ."

"ಎರಡೂ ಹೋಲಿಸಿ ನೋಡಾಕ ಬೇಕಲ್ಲಾ. ಎಲ್ಲಾಕ್ಕೂ ಹಾಕಿದ್ರ ಔಷಧದಿಂದ ಆತೋ ತಾನ ಆತೋ ಹೆಂಗ ತಿಳೀತೈತಿ?"

ಕಾಡಸಿದ್ದ ಹಿಂಡನ್ನೇ ನೋಡುತ್ತ ನಿಂತ. ಒಂದೇ ಹಟ್ಟಿಯಲ್ಲಿ ಅರ್ಧಕ್ಕೆ ಉಣಿಸಿ ಅರ್ಧವನ್ನು ಉಪವಾಸ ಕೆಡವುವ ಲೆಕ್ಕ ಅವನ ತಲೆಗೆ ಹತ್ತಲಿಲ್ಲ. ಆದರೆ ಕೇಳಿದವಳು ತಂಗಿ. ಒಂದೊಂದೇ ಕುರಿಯನ್ನು ತೊಡೆಯ ಸಂದಿಯಲ್ಲಿ ಒತ್ತಿ ಹಿಡಿದು ಕುತ್ತಿಗೆ ಎತ್ತಿ ಕೊಟ್ಟ. ಶಾಲನ ಮೊದಲು ಪ್ರತಿಯೊಂದರ ರಕ್ತ ತೆಗೆದಳು, ಆಮೇಲೆ ಚೀಟಿ ಎತ್ತಿ ಬಂದ ಹಾಗೆ ಅರ್ಧಕ್ಕೆ ಕುಣಿಕೆ, ಅರ್ಧಕ್ಕೆ ಬರೀ ಎಣ್ಣೆ ಚುಚ್ಚಿದಳು. ಕುಣಿಕೆ ಬಿದ್ದವುಗಳ ಬಲಗಿವಿಗೆ ತೂತು, ಉಳಿದವುಗಳ ಎಡಗಿವಿಗೆ. ಸಂಜೆಯಷ್ಟರಲ್ಲಿ ಕಾಡಸಿದ್ದನ ಬಾಯಲ್ಲಿ ಅವಕ್ಕೆ ಹೆಸರೂ ಬಿದ್ದವು: ಸೂಜಿ ಕುರಿ, ನೀರಿನ ಕುರಿ. ಯಾವುದು ಯಾವುದೆಂದು ಹಿಂಡು ಕಾಯುವವನಿಗೆ ಹೇಳಬಾರದಿತ್ತು. ಶಾಸ್ತ್ರ ಹಾಗೆ ಹೇಳುತ್ತದೆ, ಅವಳಿಗದು ಗೊತ್ತಿತ್ತು. ಅಣ್ಣನ ಹತ್ತಿರ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ ಅಷ್ಟೆ.

ತಿಂಗಳಿಗೆ ಬಂದು ಎರಡನೆಯ ಸೂಜಿ ಹಾಕಿದಳು. ಸಂಕ್ರಾಂತಿಗೆ ಬಂದು ರಕ್ತ ತೆಗೆದಳು. ಅತ್ತಿಗೆ ಬಾಳಕ್ಕ ಎಳ್ಳು ಹೋಳಿಗೆ ಮಾಡಿದ್ದಳು, ಶಾಲನ ಅದನ್ನು ತಿನ್ನಲು ಕೂಡ ಪುರುಸೊತ್ತಿಲ್ಲದೆ ಕಟ್ಟಿಕೊಂಡು ಹೋದಳು. ರಕ್ತದ ನೀರನ್ನು ಬೇರ್ಪಡಿಸಿ, ಥರ್ಮಾಸಿನಲ್ಲಿ ಬರ್ಫ ತುಂಬಿ, ವೈರಸ್ಸಿಟ್ಟುಕೊಂಡು ಪರೀಕ್ಷೆ ಮಾಡುವ ದೂರದ ಸರ್ಕಾರಿ ಪ್ರಯೋಗಾಲಯಕ್ಕೆ ರೈಲಿನಲ್ಲಿ ಕಳಿಸಿದಳು. ಅಲ್ಲಿಂದ ಪಾಟೀಲರಿಗೆ ಟ್ರಂಕ್ ಕಾಲ್ ಬಂದ ದಿನ ಅವಳು ಅವರ ಮೇಜಿನ ಎದುರೇ ನಿಂತಿದ್ದಳು. ಅವರು ಕೇಳುತ್ತ ಕೇಳುತ್ತ ಮೊದಲು ನಕ್ಕರು. ಆಮೇಲೆ ನಗು ಮುಖದ ಮೇಲೆಯೇ ಉಳಿಯಿತು, ಕಣ್ಣು ಮಾತ್ರ ಬೇರೆಯಾದವು.

"ಸೂಜಿ ಕುರಿ ರಕ್ತ ವೈರಸ್ಸನ್ನ ಭಾಳ ಛಲೋ ತಡದೈತಂತ," ಎಂದರು ಫೋನಿಟ್ಟು. "ಮೊಲಕ್ಕಿಂತ ಎಷ್ಟೋ ಪಟ್ಟು."

"ಮತ್ತ ನೀರಿನ ಕುರೀರಿ?"

"ಅವೂ ಅಷ್ಟ ತಡದಾವಂತ."

ಶಾಲನಳಿಗೆ ತಕ್ಷಣ ಅರ್ಥವಾಗಲಿಲ್ಲ. ಎಣ್ಣೆಯಿಂದ ಪ್ರತಿಕಾಯ ಹುಟ್ಟುವುದಿಲ್ಲ. ಮೊದಲ ಸಲ ತೆಗೆದ ರಕ್ತದಲ್ಲಿ ಯಾವ ಕುರಿಯಲ್ಲೂ ಏನೂ ಇರಲಿಲ್ಲ. ಸೀಸೆ ಅದಲುಬದಲಾಯಿತೇ ಎಂದು ಅವಳು ರಾತ್ರಿಯವರೆಗೂ ತಡಕಾಡಿದಳು. ಎಲ್ಲ ಸರಿಯಾಗಿತ್ತು. ಮರುದಿನ ಮೊದಲ ಬಸ್ಸಿಗೆ ಮಹಾಗಾಂವಕ್ಕೆ ಹೊರಟಳು.

ಕಾಡಸಿದ್ದ ಅವಳ ಮುಖ ನೋಡಿದವನೇ ಏನೋ ಕೆಟ್ಟದ್ದು ನಡೆದಿದೆಯೆಂದು ತಿಳಿದ. ಅವಳು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟ. ಮುಚ್ಚಿಡುವಂಥದ್ದು ತಾನು ಮಾಡಿದ್ದೇನೆಂದು ಅವನಿಗೆ ಅನ್ನಿಸಿದ್ದರೆ ತಾನೆ.

"ನೀ ಎರಡನೇ ಸೂಜಿ ಹಾಕಿ ಹೋದ ಮ್ಯಾಲ, ಆ ಕಡೆ ಹೊಲದಾಗ ಅಲ್ಲಪ್ಪನ ಹಿಂಡ ಕುಂತಿತ್ತಲ್ಲಾ, ಅದಕ್ಕ ಲಾಳ್ಯಾ ಬಂತು. ನಮ್ಮ ಕುರಿ ಎಲ್ಲಾ ಗಬ್ಬ ಇದ್ದುವು. ಸೂಜಿ ಕುರಿಗಿ ನಿನ್ನ ಸೂಜಿ ಐತಿ. ನೀರಿನ ಕುರಿಗಿ ಯಾರ ಅದಾರ? ಅದಕ್ಕ ಅಲ್ಲಪ್ಪನ ಕುರಿ ಜೊಲ್ಲು ತಂದು ಅವಕ್ಕ ಹಚ್ಚಿದ್ನಿ."

ಇದು ಆ ಕುರುಬರ ಹಳೆಯ ಪದ್ಧತಿ. ಅಕ್ಕಪಕ್ಕದ ಹಿಂಡಿಗೆ ಬೇನೆ ಬಿತ್ತೆಂದರೆ ಅದು ತಮ್ಮ ಹಟ್ಟಿಗೆ ತಾನಾಗಿ ಬರಲೆಂದು ಕಾಯುವುದಿಲ್ಲ. ಬೇನೆ ಬಿದ್ದ ಕುರಿಯ ಜೊಲ್ಲನ್ನು ಅರಿವೆಯಲ್ಲಿ ಒರೆಸಿ ತಂದು, ಮರಿ ಬೀಳುವುದಕ್ಕೆ ಮೊದಲೇ ತಮ್ಮ ಕುರಿಗಳ ವಸಡಿಗೆ ತಿಕ್ಕುತ್ತಾರೆ. ಎಲ್ಲವೂ ಒಟ್ಟಿಗೆ ಕುಂಟುತ್ತವೆ, ಒಟ್ಟಿಗೆ ಏಳುತ್ತವೆ. ಆಮೇಲೆ ಹುಟ್ಟಿದ ಮರಿಗೆ ತಾಯಿಯ ಹಾಲೇ ಕಾವಲು. ಶಾಲನಳ ಅಜ್ಜ ಮಾಡಿದ್ದ, ಅಪ್ಪ ಮಾಡಿದ್ದ, ಅವಳೂ ಚಿಕ್ಕಂದಿನಲ್ಲಿ ಅರಿವೆ ಹಿಡಿದು ನಿಂತದ್ದುಂಟು. ಐದು ವರ್ಷ ಪ್ರತಿಕಾಯ ಪ್ರತಿಕಾಯ ಎಂದು ಜಪ ಮಾಡಿದವಳಿಗೆ ಇದೊಂದು ನೆನಪಿಗೆ ಬಾರದೆ ಹೋಯಿತಲ್ಲ, ಅದಕ್ಕೆ ಏನೆನ್ನಬೇಕು.

"ಸೂಜಿ ಕುರಿ ಬ್ಯಾರೆ ಕಡೆ ಕಟ್ಟಿದ್ದೇನು?"

"ಒಂದ ಹಟ್ಟಿ ಕುರಿ ಬ್ಯಾರೆ ಕಡೆ ಯಾಕ ಕಟ್ಟಲಿ? ಕೂಡೇ ಮೇದಾವ, ಕೂಡೇ ಮಲಗ್ಯಾವ. ಆದ್ರ ಶಾಲೂ, ನಮ್ಮ ದೇವ್ರು ಹಾಲಸಿದ್ದನ ಮ್ಯಾಲ ಹಾಕಿ ಹೇಳ್ತೇನಿ, ನೀರಿನ ಕುರಿ ಎಲ್ಲಾ ಕುಂಟಿದ್ವು, ಸೂಜಿ ಕುರಿ ಒಂದೂ ಕುಂಟಲಿಲ್ಲ. ನಿನ್ನ ಸೂಜಿ ಖರೇ ಐತಿ."

ಒಂದು ಕ್ಷಣ ಶಾಲನ ಅದನ್ನು ನಂಬಿದಳು. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಬೇನೆಯ ನಡುವೆಯೇ ನಿಂತು ಸೂಜಿ ಕುರಿ ಕುಂಟಲಿಲ್ಲವೆಂದರೆ! ಮರುಕ್ಷಣವೇ ಅವಳು ಅಣ್ಣನ ಮುಖ ನೋಡಿದಳು. ಅವಳು ಮೆಟ್ರಿಕ್ಕಿನಲ್ಲಿ ಗಣಿತದಲ್ಲಿ ನಪಾಸಾದಾಗ, ಪೇಪರು ತಿದ್ದಿದವನ ಕಣ್ಣು ಸರಿಯಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದವನ ಮುಖ ಅದು. ತಂಗಿ ಸೋತಳೆಂದು ಅವನ ಕಣ್ಣು ಯಾವತ್ತೂ ಕಂಡದ್ದಿಲ್ಲ. ಯಾವ ಕುರಿ ಕುಂಟಿತು, ಯಾವುದು ಕುಂಟಲಿಲ್ಲ ಎಂದು ಬೇರೆ ಯಾರೂ ನೋಡಿಲ್ಲ. ಸೂಜಿ ಕುರಿಯ ರಕ್ತದಲ್ಲಿರುವ ಪ್ರತಿಕಾಯ ಕುಣಿಕೆ ಹುಟ್ಟಿಸಿದ್ದೋ, ಹಟ್ಟಿಗೆ ಬಂದ ಬೇನೆ ಹುಟ್ಟಿಸಿದ್ದೋ, ಇನ್ನು ದೇವರೂ ಬಿಡಿಸಿ ಹೇಳಲಾರ. ಮತ್ತೆ ಮಾಡೋಣವೆಂದರೆ ಬೇನೆ ಕಾಣದ ಹಿಂಡು ಬೇಕು, ಹೊಸ ಕುಣಿಕೆ ಬೇಕು, ಇನ್ನೊಂದು ವರ್ಷ ಬೇಕು. ಮಾರ್ಚ್ ಬಾಗಿಲಲ್ಲೇ ನಿಂತಿತ್ತು.

ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದು ತನ್ನ ಮೇಲೆ. ಬಂದದ್ದು ಅಣ್ಣನ ಮೇಲೆ. ತನ್ನ ಐದು ವರ್ಷವನ್ನು ಒಂದು ಹೊಲಸು ಅರಿವೆಯಲ್ಲಿ ಒರೆಸಿ ಒಗೆದೆ ಎಂದಳು. ಜೊಲ್ಲು ಹಚ್ಚುವುದು ಕಾಡುಜನರ ಕೆಲಸ, ಅದರಿಂದಲೇ ಊರೂರಿಗೆ ಬೇನೆ ಹಬ್ಬುತ್ತದೆ ಎಂದಳು. ಅದರಲ್ಲಿ ಸ್ವಲ್ಪ ನಿಜವೂ ಇತ್ತು, ಆದರೆ ಆಡಿಸಿದ್ದು ಆ ನಿಜವಲ್ಲ. ಕಾಡಸಿದ್ದ ತಲೆ ತಗ್ಗಿಸಿ ಕೇಳಿಸಿಕೊಂಡ. ಸುಮ್ಮನೆ ಕೇಳಿಸಿಕೊಳ್ಳುವವರ ಮೇಲೆ ಸಿಟ್ಟು ಇನ್ನೂ ಏರುತ್ತದೆ. ಅವನ ಸೊಂಟಕ್ಕೆ ಯಾವಾಗಲೂ ಕಟ್ಟಿರುತ್ತಿದ್ದ ಭಂಡಾರದ ಚೀಲವನ್ನು ಅವಳು ಬೆರಳು ಮಾಡಿ ತೋರಿಸಿದಳು. ಹಾಲಸಿದ್ದನ ಆ ಅರಿಶಿನಪುಡಿಯನ್ನು ಮುಟ್ಟಿ ಆಡಿದ ಮಾತನ್ನು ಅವರ ಕುಲದಲ್ಲಿ ಯಾರೂ ಮುರಿದವರಿಲ್ಲ.

"ಭಂಡಾರ ಮುಟ್ಟಿ ಹೇಳು. ಇನ್ನ ಮ್ಯಾಲೆ ಜೊಲ್ಲು ಹಚ್ಚೂದಿಲ್ಲಂತ."

"ಎಲ್ಲಾ ಕುರಿಗೂ ಏನು?"

"ಎಲ್ಲಾ ಕುರಿಗೂ."

"ಎಂದೆಂದಿಗೂ ಏನು?"

"ಹೌದು."

ಬಾಳಕ್ಕ ಗುಡಿಸಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ ಸುಮ್ಮನಾದಳು. ಕಾಡಸಿದ್ದ ಭಂಡಾರ ಮುಟ್ಟಿ ಹಣೆಗಿಟ್ಟುಕೊಂಡ, ತಂಗಿ ಹೇಳಿದಷ್ಟನ್ನೂ ಹೇಳಿದ.

ಕೊಲ್ಲಾಪುರದಲ್ಲಿ ಪಾಟೀಲರು ಎಲ್ಲವನ್ನೂ ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನೀರಿನ ಕುರಿ ಬಿಟ್ಟ ಬಿಡೂಣು," ಎಂದರು. "ಸೂಜಿಗಿಂತ ಮೊದಲಿನ ರಕ್ತದಾಗ ಏನೂ ಇಲ್ಲ, ಆದ ಮ್ಯಾಲಿನ ರಕ್ತದಾಗ ತುಂಬಿ ಬಂದೈತಿ. ಇಷ್ಟ ಬರದ್ರ ಸುಳ್ಳೇನೂ ಆಗೂದಿಲ್ಲ. ಹಟ್ಟ್ಯಾಗ ಬ್ಯಾನಿ ಬಂದಿತ್ತಂತ ಯಾರಿಗಿ ಗೊತ್ತೈತಿ? ಯೋಜನಾ ಮುಂದ ನಡೀಲಿ, ಬರೋ ವರ್ಷ ಛಲೋತ್ನಂಗ ಮತ್ತೊಮ್ಮಿ ಮಾಡೂಣು."

"ಬರೋ ವರ್ಷ ಸುಳ್ಳಾತಂದ್ರ ಏನ್ಮಾಡೂದ್ರಿ?"

"ಆಗೂದಿಲ್ಲ. ನಿನ್ನ ಕುಣಿಕಿ ಮ್ಯಾಲ ನನಗ ನಂಬಿಗಿ ಐತಿ."

"ನನಗೂ ಐತ್ರಿ ಸರ್. ನಂಬಿಗಿ ಬರಿಯಾಕ ಬರೂದಿಲ್ಲಲ್ರಿ."

ಅವರು ಒತ್ತಾಯ ಮಾಡಲಿಲ್ಲ. ಕೆಟ್ಟ ಮನುಷ್ಯರಾಗಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು, ಶಾಲನಳಿಗೆ ದ್ವೇಷಿಸಲು ಒಬ್ಬರಾದರೂ ಸಿಗುತ್ತಿದ್ದರು. ದಿಲ್ಲಿಯ ಸಭೆಗೆ ಅವರೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು. ಅಲ್ಲಿ ಕೂತವರಿಗೆ ಜೊಲ್ಲು, ಹಟ್ಟಿ, ಅಲ್ಲಪ್ಪನ ಹಿಂಡು ಇವೆಲ್ಲ ಕೇಳುವ ಸಹನೆ ಇರಲಿಲ್ಲ. ಔಷಧ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಇಲ್ಲ, ಹೌದೋ ಅಲ್ಲವೋ? ಹೌದು. ಹಾಗಾದರೆ ಔಷಧ ಕೆಲಸ ಮಾಡಲಿಲ್ಲ. ಅಲ್ಲಿಗೆ ಮುಗಿಯಿತು. ಗೊತ್ತಾಗಲಿಲ್ಲ ಎನ್ನುವುದಕ್ಕೂ ಕೆಲಸ ಮಾಡಲಿಲ್ಲ ಎನ್ನುವುದಕ್ಕೂ ನಡುವೆ ಶಾಲನ ತನ್ನ ಹರೆಯವನ್ನೇ ಸುರಿದಿದ್ದಳು. ಆ ಸಭೆಗೆ ಎರಡೂ ಒಂದೇ ಆಗಿ ಕಂಡವು.

ಪ್ರಯೋಗಾಲಯಕ್ಕೆ ಬೇರೆಯವರು ಬಂದರು. ಧೋಂಡಿಬಾನ ತೊಟ್ಟಿಲನ್ನು ಸದ್ದು ಜಾಸ್ತಿಯೆಂದು ಗುಜರಿಯವನಿಗೆ ಹಾಕಿದರು. ಶಾಲನ ಗಡಹಿಂಗ್ಲಜದ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗುತ್ತದೆ ಎಂದು ವರ್ಷಕ್ಕೊಮ್ಮೆ ಹೊಸ ಮಕ್ಕಳಿಗೆ ಹೇಳಬೇಕು. ಅದು ಪ್ರತಿ ವರ್ಷವೂ ತಪ್ಪದೆ ಕೆಂಪಾಗುತ್ತಿತ್ತು. ಪೆಪ್ಟೈಡ್ ಎಂಬ ಮಾತನ್ನು ಅವಳು ಮನೆಯಲ್ಲೂ ಆಡಲಿಲ್ಲ, ಮನಸ್ಸಿನಲ್ಲೂ ಆಡಿಕೊಳ್ಳಲಿಲ್ಲ.

ಎಂಬತ್ತೇಳರ ನಾಗಪಂಚಮಿಗೆ ಮಹಾಗಾಂವಕ್ಕೆ ಹೋದಾಗ ಕಾಡಸಿದ್ದ ಅವಳನ್ನು ಹಿಂಡಿನ ಹತ್ತಿರ ಕರೆದುಕೊಂಡು ಹೋದ. ಮಗನ ಮದುವೆ ಗೊತ್ತಾದವನ ಹಾಗೆ ಮುಖ ಅರಳಿತ್ತು.

"ನೋಡು, ಈಗ ಎಲ್ಲಾ ಸೂಜಿ ಕುರಿ ವಂಶ. ನೀರಿನ ಕುರಿ ಒಂದೊಂದ ಮಾರಿಬಿಟ್ನಿ. ಸೂಜಿ ಕುರಿ ಹೆಣ್ಣಮರಿ ಅಷ್ಟ ಇಟಗೊಂಡು ಬೆಳಸೇನಿ."

ಕುರುಬನಿಗೆ ಎಲ್ಲವೂ ರಕ್ತದಲ್ಲಿ ಇಳಿದು ಬರುತ್ತದೆ. ಹಾಲು ಹೆಚ್ಚು ಕೊಡುವ ಕುರಿಯ ಮಗಳು ಹಾಲು ಕೊಡುತ್ತಾಳೆ, ಉಣ್ಣೆ ಒಳ್ಳೆಯದಿದ್ದರೆ ಮರಿಯ ಉಣ್ಣೆಯೂ ಒಳ್ಳೆಯದು, ಹಾದಿ ಬಿಡುವ ಕುರಿಯ ಮರಿಯೂ ಹಾದಿ ಬಿಡುತ್ತದೆ. ಸೂಜಿಯ ಗುಣ ಮಾತ್ರ ಯಾಕೆ ಇಳಿಯಬಾರದು? ಅದು ರಕ್ತದಲ್ಲಿ ಇಳಿಯುವುದಿಲ್ಲ, ತಾಯಿಯ ಹಾಲಿನಿಂದ ಸಿಗುವುದೂ ಕೆಲವು ತಿಂಗಳಷ್ಟೇ, ಸೂಜಿ ಬಿದ್ದ ಮೈಯೊಂದಿಗೇ ಮುಗಿಯುತ್ತದೆ ಎಂದು ಹೇಳಲು ಶಾಲನಳಿಗೆ ಒಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯ ಹೇಳಿದರೆ ಹಿಂದೆಯೇ ಉಳಿದದ್ದೂ ಬರುತ್ತಿತ್ತು. ಕುಣಿಕೆ, ಮಾರ್ಚ್, ದಿಲ್ಲಿ. ಹಬ್ಬದ ದಿನ ಅವಳಿಗೆ ಅದು ಬೇಡವಾಗಿತ್ತು. ನಕ್ಕು, "ಛಲೋ ಆತು ಬಿಡು," ಎಂದು ಉಂಡೆ ತಿನ್ನಲು ಒಳಗೆ ಹೋದಳು.

ಆ ವರ್ಷ ಮರಿ ಬೀಳುವ ಕಾಲಕ್ಕೆ ಮುಂಚೆ ಲಾಳ್ಯಾ ಬಂದ ಸುದ್ದಿ ಗಡಹಿಂಗ್ಲಜ ಬಜಾರದಲ್ಲೂ ಹಬ್ಬಿತ್ತು. ಶಾಲನ ಅದನ್ನು ಕೇಳಿದಳು, ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿ ಮರೆತಳು. ತಿಂಗಳ ಮೇಲೆ ಬಾಳಕ್ಕನ ತಮ್ಮ ಕಾಲೇಜಿನ ಬಾಗಿಲಿಗೆ ಬಂದು, ಅಕ್ಕ ಕರೆದಿದ್ದಾಳೆ, ಇವತ್ತೇ ಬರಬೇಕಂತೆ ಎಂದ. ಅಣ್ಣ ಕರೆದಿಲ್ಲವೇ ಎಂದು ಅವಳು ಕೇಳಿದ್ದಕ್ಕೆ ಅವನು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ.

ಹೊಲದ ಬದುವಿನ ಉದ್ದಕ್ಕೂ ಮರಿಗಳನ್ನು ಮಲಗಿಸಿದ್ದರು. ಎಷ್ಟೆಂದು ಎಣಿಸುವ ಧೈರ್ಯ ಅವಳಿಗಾಗಲಿಲ್ಲ. ಹುಟ್ಟಿ ವಾರವೂ ಆಗದ ಮರಿಗಳು, ಬಾಯಲ್ಲಿ ಹುಣ್ಣು ಕೂಡ ಕಾಣದೆ, ಹಾಲು ಕುಡಿಯುತ್ತ ಕುಡಿಯುತ್ತ ಎದೆ ನಿಂತು ಬಿದ್ದವುಗಳು. ತಾಯಿ ಕುರಿಗಳು ಕುಂಟುತ್ತ ಬಂದು ಮೂಸಿ ನೋಡಿ ಒದರುತ್ತಿದ್ದವು. ಕಾಡಸಿದ್ದ ಗುದ್ದಲಿ ಹಿಡಿದು ಕುಣಿ ತೋಡುತ್ತಿದ್ದ. ತಂಗಿಯನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

ಬಾಳಕ್ಕನೇ ಮಾತಾಡಿದಳು. ಆಣೆ ಮಾಡಿಸಿದ ದಿನ ನುಂಗಿಕೊಂಡಿದ್ದ ಮಾತು ಈಗ ಹೊರಗೆ ಬಂತು.

"ಮರಿ ಬೀಳೂ ಮೊದಲ ಬ್ಯಾನಿ ಊರ ಹೊರಗ ಬಂದು ನಿಂತಿತ್ತು. ಎಲ್ಲಾ ಹಿಂಡಿನವ್ರು ಜೊಲ್ಲು ಹಚಗೊಂಡ್ರು, ಅವರ ಮರಿ ಕುಣದಾಡಾಕತ್ತಾವ. ನಾ ಕಾಲ ಬಿದ್ದ ಹೇಳಿದ್ನಿ, ಹಚ್ಚೂಣು ಅಂತ. ತಂಗೀಗಿ ಮಾತ ಕ್ವಟ್ಟೇನಿ ಅಂದ್ರು. ಸೂಜಿ ವಂಶ ಐತಿ, ಏನೂ ಆಗೂದಿಲ್ಲ, ನನ್ನ ತಂಗಿ ಗೊತ್ತಿಲ್ದ ಆಣಿ ಹಾಕಸಾಕಿ ಅಲ್ಲ ಅಂದ್ರು."

ಶಾಲನ ಕುಣಿಯ ಅಂಚಿನವರೆಗೆ ಹೋಗಿ ನಿಂತಳು. ಕಾಡಸಿದ್ದ ಗುದ್ದಲಿ ಊರಿ ಬೆವರು ಒರೆಸಿಕೊಂಡ. ಸಿಟ್ಟಿನ ಗುರುತು ಕೂಡ ಮುಖದಲ್ಲಿರಲಿಲ್ಲ. ದವಾಖಾನೆಯ ಡಾಕ್ಟರನ್ನು ಕೇಳುವವನ ಹಾಗೆ ಮೆಲ್ಲಗೆ ಕೇಳಿದ.

"ನಿನ್ನ ಸೂಜಿ ಎಷ್ಟ ತಲಿಮಾರಿನ ತನಕಾ ನಡೀತೈತಿ ಶಾಲೂ? ನಾ ಆವಾಗ ಕೇಳ್ಬೇಕಾಗಿತ್ತು. ಮೊಮ್ಮಕ್ಕಳಿಗೆ ಬರೂದಿಲ್ಲೇನು?"

"ಮಕ್ಕಳಿಗೂ ಬರೂದಿಲ್ಲ ಅಣ್ಣಾ. ಸೂಜಿ ಬಿದ್ದ ಕುರಿಗಷ್ಟ."

"ಪಂಚಮೀಗಿ ಹೇಳಿದ್ನಲ್ಲಾ, ಎಲ್ಲಾ ಸೂಜಿ ವಂಶ ಅಂತ. ಛಲೋ ಆತು ಅಂದಿ."

ಅವಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ದಿಲ್ಲಿಯ ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಸಿದ್ದು, ಪಾಟೀಲರಿಗೆ ಎದುರಾಡಿದ್ದು, ತಾನು ಸತ್ಯವಂತೆ ಎಂದು ಇಷ್ಟು ವರ್ಷ ಒಳಗೊಳಗೇ ಹೊತ್ತುಕೊಂಡಿದ್ದ ಹೆಮ್ಮೆ, ಎಲ್ಲ ಒಮ್ಮೆಗೇ ನೆನಪಾಯಿತು. ದೊಡ್ಡವರ ಮುಂದೆ ಆಡಿದ ಸತ್ಯವನ್ನು ಅವಳು ಅಣ್ಣನ ಮುಂದೆ ಒಮ್ಮೆಯೂ ಆಡಿರಲಿಲ್ಲ. ಈಗ ಆಡಿದಳು.

"ಅಣ್ಣಾ, ಆ ಕುರಿಗೂ ನನ್ನ ಸೂಜಿ ನಾಟಿತೋ ಇಲ್ಲೋ ನನಗ ಗೊತ್ತಿಲ್ಲ. ಆವಾಗೂ ಗೊತ್ತಾಗ್ಲಿಲ್ಲ, ಈಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಕಾಡಸಿದ್ದ ಅವಳನ್ನು ನೋಡಿದ. ಅವಳು ಹೇಳಿದ್ದು ಅವನಿಗೆ ನಿಧಾನವಾಗಿ ತಿಳಿಯುತ್ತಾ ಬಂತು. ಆ ತಿಳಿಯುವುದನ್ನು ಅವಳು ಪೂರ್ತಿ ನಿಂತು ನೋಡಬೇಕಾಯಿತು.

"ಗೊತ್ತಿಲ್ಲದಾಕಿ," ಎಂದ, "ನನ್ನ ಕಡಿಂದ ಆಣಿ ಯಾಕ ಹಾಕಿಸಿದಿ?"

ದನಿ ಏರಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಜಗಳವಾಡಿದ್ದರೆ ಶಾಲನ ಕಾಲಿಗೆ ಬೀಳುತ್ತಿದ್ದಳು, ಬೈದಿದ್ದರೆ ಅಳುತ್ತಿದ್ದಳು. ಅವನು ಕೇಳಿ ಉತ್ತರಕ್ಕೆ ಕಾಯುತ್ತ ನಿಂತ, ಚಿಕ್ಕಂದಿನಲ್ಲಿ ಅವಳು ಪಾಠ ಒಪ್ಪಿಸುವಾಗ ಅಕ್ಷರ ಬಾರದವನು ಕಾಯುತ್ತಿದ್ದಂತೆ. ಆಮೇಲೆ ಅವನು ಮತ್ತೆ ಗುದ್ದಲಿ ಎತ್ತಿಕೊಂಡ. ಶಾಲನ ಬದುವಿನಿಂದ ಮರಿಗಳನ್ನು ಒಂದೊಂದಾಗಿ ಎತ್ತಿ ಅವನ ಕೈಗೆ ಕೊಡತೊಡಗಿದಳು. ಅವನು ಅವುಗಳನ್ನು ಇಸಿದುಕೊಂಡ, ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ.